ಜೋಡಬಾವಿಯ ಪಾಳಿ ಊಟ

ಜೋಡಬಾವಿ ಸೇವಾ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ಇಂಡಿ ಪಟ್ಟಣದ ನನ್ನ ಮನೆಗೆ ಬಂದಿದ್ದಳು. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳು. ಚಹಾ ಕುಡಿದು, ಮೊಬೈಲು ತೆಗೆದು, ಬರೆದುಕೊಳ್ಳಲು ಸಜ್ಜಾಗಿ ಕೇಳಿದಳು:

"ಮೇಡಂ, ನಿಮ್ಮ ಕಾಲದಾಗ ಮನಿಮನಿ ಸಮೀಕ್ಷೆ ಯಾವ ಫಾರ್ಮಿನ್ಯಾಗ ಮಾಡ್ತಿದ್ರಿ?"

"ಫಾರ್ಮ್ ಇರಲಿಲ್ಲವ್ವ. ಉಣ್ತಿದ್ವಿ."

ಅವಳು ನಕ್ಕಳು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಳು. ಅವಳು ಹೋದ ಮೇಲೆ ಲೋಟ ತೊಳೆಯುತ್ತ, ಇದನ್ನು ಬರೆದಿಡದೆ ಇದ್ದರೆ ಇನ್ನು ಹತ್ತು ವರ್ಷಕ್ಕೆ ನನಗೇ ಇದು ಚೇಷ್ಟೆ ಎನ್ನಿಸೀತು ಎಂದು ಹೆದರಿಕೆಯಾಯಿತು. ಅದಕ್ಕೇ ಕುಳಿತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಬಂತು, ಯಾರು ಶಾಲು ಹೊದಿಸಿದರು ಎನ್ನುವುದನ್ನೆಲ್ಲ ಬಿಡುತ್ತೇನೆ. ಶಾಲುಗಳು ಟ್ರಂಕಿನಲ್ಲಿವೆ.

ನಾನು ಮುದ್ದೇಬಿಹಾಳ ತಾಲ್ಲೂಕಿನ ಕುರಿಗಾರರ ಮನೆಯವಳು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಮನುಷ್ಯಳು. ಗಂಡಸರಲ್ಲೂ ಯಾರೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ, ಹೆಮ್ಮೆಯಿದೆ. ಅಪ್ಪ ವರ್ಷದಲ್ಲಿ ಆರು ತಿಂಗಳು ಕುರಿಗಳ ಹಿಂದೆ ಕೃಷ್ಣಾ ದಂಡೆಯಲ್ಲಿ ಇರುತ್ತಿದ್ದ. ಅವ್ವ ಉಣ್ಣೆ ನೂಲುತ್ತ ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅವಳಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ನಾನು ತಡವರಿಸಿದ ಕಡೆ ತಪ್ಪಿದೆ ಎಂದು ಮಾತ್ರ ಅವಳಿಗೆ ಗೊತ್ತಾಗುತ್ತಿತ್ತು. "ಅಲ್ಲಿ ಗಂಟಾತು ನೋಡು, ಮತ್ತ ಹೇಳು" ಎನ್ನುತ್ತಿದ್ದಳು.

ಆಗಿನ ಬಿಜಾಪುರದ ಕಾಲೇಜಿಗೆ ಹೋದಾಗ ಅವ್ವ ತಾನೇ ನೂತ ನೂಲಿನ ಕರಿ ಕಂಬಳಿ ಕೊಟ್ಟು ಕಳಿಸಿದ್ದಳು. ಹಾಸ್ಟೆಲಿನ ಕೋಣೆಯಲ್ಲಿ ಅದನ್ನು ಬಿಚ್ಚಿದ ಕೂಡಲೇ ಪಕ್ಕದ ಹುಡುಗಿಯರು ಮೂಗಿಗೆ ಸೆರಗು ಹಿಡಿದು ಹಾಸಿಗೆಯನ್ನು ಆ ಕಡೆ ಎಳೆದುಕೊಂಡರು. ನಾಲ್ಕನೇ ದಿನ ನಾನು ಕಂಬಳಿಯನ್ನು ಹಿತ್ತಲಿನ ಬೇವಿನ ಗಿಡದ ಕೆಳಗೆ ಬಿಟ್ಟು ಬಂದೆ. ಅವ್ವ ಕೇಳಿದಾಗ ಕಳವಾಯಿತು ಎಂದೆ. ಅಲ್ಲಿಂದ ಮುಂದೆ ಮೂರು ವರ್ಷ ನಾನು ಪುಸ್ತಕದ ಕನ್ನಡ ಮಾತಾಡಲು ಕಲಿತೆ. ಡಿಗ್ರಿಯ ಜೊತೆಗೆ ಇದೂ ನನಗೆ ಸಿಕ್ಕ ಸರ್ಟಿಫಿಕೇಟು. ಇದನ್ನು ಯಾರೂ ಚೌಕಟ್ಟು ಹಾಕಿಸುವುದಿಲ್ಲ.

ಹೊರ್ತಿ ದಾಟಿ ಒಳಗೆ ಹೋದರೆ ಜೋಡಬಾವಿ. ಒಂದೇ ಗೋಡೆಯ ಎರಡು ಮಗ್ಗುಲಿಗೆ ಎರಡು ಬಾವಿ, ಡಿಗ್ರಿ ಮುಗಿಸಿ ನಾನು ಕೆಲಸಕ್ಕೆ ಹೋದಾಗ ಎರಡೂ ಒಣಗಿದ್ದವು. ಊರಿನಲ್ಲಿ ಹೆಚ್ಚುಕಡಿಮೆ ನೂರು ಮನೆ. ಈಗ ಅಲ್ಲಿ ಕಂಬಳಿ ಸಂಘವಿದೆ, ಹೆಣ್ಣುಮಕ್ಕಳ ವಸತಿ ಶಾಲೆಯಿದೆ, ಬೀಜದ ಕಣಜವಿದೆ, ಹಳ್ಳದ ಉದ್ದಕ್ಕೂ ಒಡ್ಡುಗಳಿವೆ, ಬಾವಿಗಳಲ್ಲಿ ನೀರಿದೆ. ನೋಡಲು ಬಂದವರಿಗೆ ಎಲ್ಲವೂ ಒಟ್ಟಿಗೆ ಹುಟ್ಟಿದ ಹಾಗೆ ಕಾಣುತ್ತದೆ. ಆಗ ಇದ್ದದ್ದು ಒಂದು ಹಳೆಯ ಚಾವಡಿ, ಅದರಲ್ಲಿ ಒಬ್ಬರು ಕಾಕಾ.

ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ಮನಗೂಳಿಯ ದೊಡ್ಡ ಒಕ್ಕಲುತನದ ಮನೆಯವರು, ವಕೀಲಿ ಕಲಿತು ಬಿಟ್ಟವರು. ಅಮಾವಾಸ್ಯೆ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಆ ಬಿಡುವಿನ ದಿನ ಮನೆಗೆ ಒಂದು ಆಳು ಊರ ಕೆಲಸಕ್ಕೆ ಬರಬೇಕು ಎಂದು ಅವರು ಊರನ್ನು ಒಪ್ಪಿಸಿದ್ದರು. ಒಡ್ಡುಗಳೆಲ್ಲ ಕಟ್ಟಿದ್ದು ಹಾಗೆ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಇನ್ನೊಂದು ಅವರ ಪದ್ಧತಿ ಪಾಳಿ ಊಟ. ಕೇಂದ್ರದ ಕಾರ್ಯಕರ್ತರು ಮಧ್ಯಾಹ್ನದ ಊಟವನ್ನು ದಿನಕ್ಕೊಂದು ಮನೆಯಲ್ಲಿ ಮಾಡಬೇಕು. ಓಣಿ ಬಿಡದೆ, ಮನೆ ಬಿಡದೆ, ಸಾಲಾಗಿ. ಹಿಂದಿನ ದಿನ ಆ ಮನೆಯ ಹೆಂಗಸು ಬಂದು "ನಾಳೆ ನಮ್ಮ ಪಾಳಿರಿ" ಎಂದು ಹೇಳಿಹೋಗುತ್ತಾಳೆ. ಅವರು ಉಣ್ಣುವುದನ್ನೇ ನಾವು ಉಣ್ಣಬೇಕು. ದಲಿತರ ಕೇರಿಯ ಮನೆಯಾದರೂ ಅಷ್ಟೆ, ಗೌಡರ ಮನೆಯಾದರೂ ಅಷ್ಟೆ. ಮತ್ತು ಪಾಳಿ ಜಿಗಿಯುವಂತಿಲ್ಲ. ಯಾವುದೋ ಮನೆಯಲ್ಲಿ ಊಟವಾಗಲಿಲ್ಲವೆಂದರೆ ಅಲ್ಲಿ ಆಗುವವರೆಗೆ ಮುಂದಿನ ಮನೆಗೆ ಹೋಗಬಾರದು.

"ಎಲ್ಲಾರ ಮನಿದು ಉಣ್ಣು, ಇಲ್ಲಂದ್ರ ಯಾರ ಮನಿದೂ ಬ್ಯಾಡ" ಎಂದು ಮೊದಲ ದಿನ ಕಾಕಾ ನನಗೆ ಹೇಳಿದರು. ನಾನು ತಲೆಯಾಡಿಸಿದೆ. ಕೇರಿಯಲ್ಲಿ ಉಂಡೆ. ಅದರಲ್ಲಿ ನನಗೆ ಕಷ್ಟವೇನೂ ಆಗಲಿಲ್ಲ, ಓದಿದವಳಲ್ಲವೇ! ಸಮಾನತೆಯ ಮೇಲೆ ಪ್ರಬಂಧ ಬರೆದಿದ್ದೆ. ನನ್ನ ಪರೀಕ್ಷೆ ಇದ್ದದ್ದು ಬೇರೆ ಕಡೆ.

ಊರ ಕಡೆಯ ತುದಿಗೆ ಕುರಿಗಾರರ ಎಂಟು ಮನೆಗಳಿದ್ದವು. ಮೊದಲನೆಯದು ಬೀರವ್ವನದು. ಐವತ್ತರ ಹೆಂಗಸು, ಗಂಡ ಇಲ್ಲ, ಮಗ ಕುರಿ ಹಿಂದೆ. ಆ ಓಣಿಯಲ್ಲಿ ಅವಳ ಮಾತು ನಡೆಯುತ್ತಿತ್ತು. ಒಂದು ಸಂಜೆ ಅವಳು ಬಂದು ಚಾವಡಿಯ ಕಟ್ಟೆಗೆ ಕೈಯೂರಿ ನಿಂತು, "ಅಕ್ಕೋರ, ನಾಳಿ ನಮ್ಮ ಪಾಳಿ. ನೀವು ಪ್ಯಾಟಿಯವರು. ಕುರಿ ಹಾಲಿನ ಮಸರು ನಡೀತೈತಿಲ್ಲೋ?" ಎಂದಳು. ಅವಳ ಸೀರೆಯಿಂದ ಉಣ್ಣೆಯ ವಾಸನೆ ಬಂತು. ನಮ್ಮ ಅವ್ವನ ವಾಸನೆ. ಆ ಮನೆಗೆ ಹೋದರೆ ನಾನು ಕೂಡುವ ರೀತಿ, ರೊಟ್ಟಿ ಮುರಿಯುವ ರೀತಿ ನೋಡಿ, "ಯಾರ ಮಗಳವ್ವ ನೀ?" ಎಂದು ಕೇಳುತ್ತಾಳೆ, ನಾನು ಬಿಜಾಪುರದ ಅಕ್ಕೋರು ಅಲ್ಲ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಇಷ್ಟೇ ನನ್ನ ಹೆದರಿಕೆ.

"ನಾಳೆ ನನ್ನದು ಸೋಮವಾರದ ಉಪವಾಸ" ಎಂದೆ.

"ಹೌದ್ರ್ಯಾ? ಹಂಗಾರ ಮಂಗಳವಾರ ಬರ್ರಿ" ಎಂದು ಹೋದಳು.

ಸೋಮವಾರ ಯಾವುದೋ ಕಾಗದ ತರಲು ಹೊರ್ತಿಗೆ ಹೋಗಿದ್ದೆ. ಬಸ್ ನಿಲ್ಲುವ ಕಡೆ ಒಬ್ಬ ಬಿಸಿಬಿಸಿ ಮಿರ್ಚಿ ಕರಿಯುತ್ತಿದ್ದ. ಹಸಿವೆ ತಡೆಯಲಿಲ್ಲ. ಎರಡನೆಯ ಮಿರ್ಚಿ ಬಾಯಲ್ಲಿರುವಾಗ ರಸ್ತೆ ತುಂಬ ಕುರಿ ಬಂದವು. ಕುರಿಗಳ ಹಿಂದೆ ಬೀರವ್ವ. ನಿಂತಳು. ನನ್ನ ಕೈ ನೋಡಿದಳು, ಬಾಯಿ ನೋಡಿದಳು.

"ಉಪಾಸಕ್ಕ ಮಿರ್ಚಿ ನಡೀತೈತೇನ್ರಿ ಅಕ್ಕೋರ? ನಾವು ಅಡಾಣಿ ಮಂದಿ, ಗೊತ್ತಿರಲಿಲ್ಲ. ಹೇಳಿದ್ರ ಮಿರ್ಚಿನ ಕರೀತಿದ್ದೆ."

ಅಂಗಡಿಯವನು ಹೋ ಎಂದು ನಕ್ಕ. ಅವಳು ನಗಲಿಲ್ಲ. ಮಂಗಳವಾರ ನಾನು ಹೋದಾಗ ಅವಳು ಬಾಗಿಲಲ್ಲೇ ಕೂತಿದ್ದಳು, ಕೈಯಲ್ಲಿ ನೂಲುವ ಕದಿರು ತಿರುಗುತ್ತಲೇ ಇತ್ತು.

"ನಮ್ಮ ಮನಿ ಪಾಳಿ ತಗದುಬಿಡ್ರಿ. ನಿಮಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ."

ಪಾಳಿ ಅಲ್ಲೇ ನಿಂತಿತು. ಬುಧವಾರ ಅಡುಗೆ ನಾನೇ ಮಾಡಿಕೊಂಡೆ, ಗುರುವಾರವೂ. ಚಾವಡಿಯ ಹಿಂದಿನಿಂದ ಹೊಗೆ ಏಳುವುದನ್ನು ನೋಡಿದ ಊರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮುಂದಿನ ಏಳು ಮನೆಯವರೂ ನನ್ನ ಮುಖ ನೋಡುವುದನ್ನು ಬಿಟ್ಟರು.

ಕಾಕಾ ನನ್ನನ್ನು ಕರೆದು ಒಂದೇ ಮಾತು ಕೇಳಿದರು. "ಮೈಲಿಗಿ ಅಂತೇನು?"

"ಅಲ್ಲ ಕಾಕಾ."

"ಮತ್ತ?"

ನಾನು ಸೆರಗಿನ ತುದಿಗೆ ಗಂಟು ಹಾಕಿದೆ, ಬಿಚ್ಚಿದೆ.

"ಉತ್ತರ ಸಿಕ್ಕ ದಿನ ಆಕಿಗೆ ಹೇಳು, ನನಗ ಬ್ಯಾಡ. ಯುಗಾದಿ ತನಕ ನೋಡೂಣು. ಪಾಳಿ ಮುಂದ ಹೋಗಲಿಲ್ಲಂದ್ರ ನೀ ನಿಮ್ಮ ಊರಿಗೆ ಹೋಗೂದ ಚಲೋ. ಒಂದು ಓಣಿ ಬಿಟ್ಟು ಈ ಊರಾಗ ಏನೂ ಮಾಡಾಕ ಬರೂದಿಲ್ಲ."

ಊರಿಗೆ ಹೋಗುವುದೆಂದರೆ ನನಗೆ ಏನೆಂದು ನಿಮಗೆ ಹೇಳಬೇಕು. ಅಪ್ಪ ಕುರಿ ನಡೆಸಿಕೊಂಡು ಹೋದ ದಾರಿಯುದ್ದಕ್ಕೂ, ತಂಗಿದ ಊರಲ್ಲೆಲ್ಲ, "ನನ್ನ ಮಗಳು ಇಂಡಿ ಕಡೆ ಒಂದ್ ಊರು ಸುಧಾರಸಾಕತ್ತಾಳ" ಎಂದು ಹೇಳಿಕೊಂಡು ಬಂದಿದ್ದ. ಬಿಜಾಪುರದಲ್ಲಿ ನನ್ನ ಕುಲ ಮುಚ್ಚಿಟ್ಟುಕೊಂಡು ಗೆದ್ದ ಡಿಗ್ರಿಯನ್ನು, ಅದೇ ಕುಲದ ಹೆಂಗಸಿನ ಬಾಗಿಲಲ್ಲಿ ಸೋತು, ಅಪ್ಪನ ಮುಂದೆ ಹೋಗಿ ನಿಲ್ಲಬೇಕಾಗಿತ್ತು. ಯುಗಾದಿಗೆ ಎರಡೂವರೆ ತಿಂಗಳಿತ್ತು.

ಆ ಹೊತ್ತಿಗೇ ಕಾಕಾ ಕಂಬಳಿ ಕೆಲಸ ಶುರು ಮಾಡಿದರು. ನಮ್ಮ ಕುರಿಗಾರರು ಉಣ್ಣೆಯನ್ನು ಕತ್ತರಿಸಿದ ಹಾಗೇ ಮೂಟೆ ಕಟ್ಟಿ ಮಾರಿಬಿಡುತ್ತಿದ್ದರು. ಅದನ್ನು ಊರಲ್ಲೇ ನೂತು, ಊರಲ್ಲೇ ನೇಯ್ದರೆ ಹೆಂಗಸರಿಗೆ ವರ್ಷವಿಡೀ ಕೆಲಸ. ಬೀರವ್ವನ ಓಣಿಯಿಂದ ಉಣ್ಣೆಯೇನೋ ಬಂತು, ಕಾಕಾನ ಮಾತಿಗೆ. ಹೆಂಗಸರು ಬರಲಿಲ್ಲ. ಕೇಳಿದರೆ, "ಬೀರವ್ವ ಬಂದ್ರ ಬರ್ತೇವ್ರಿ" ಎನ್ನುತ್ತಿದ್ದರು. ಬೀರವ್ವನನ್ನು ಕೇಳಿದರೆ, "ಅಲ್ಲಿ ಅಕ್ಕೋರು ಅದಾರಲ್ಲ, ಕಲತವರು" ಎನ್ನುತ್ತಿದ್ದಳು. ಹಾಗಾಗಿ ಬೇರೆ ಓಣಿಯ ಹೆಂಗಸರನ್ನು ಸೇರಿಸಿ, ಹೊರಗಿನಿಂದ ಒಬ್ಬ ತರಬೇತಿ ಮಾಸ್ತರರನ್ನು ಕರೆಸಿದೆವು. ಒಳ್ಳೆಯ ಮನುಷ್ಯ. ಆದರೆ ಹತ್ತಿ ಮಗ್ಗದ ಮನುಷ್ಯ.

ಕಂಬಳಿ ನೇಯುವ ಮೊದಲು ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿಯಬೇಕು. ಆ ಎಳೆಗಳಿಗೆ ಹಾಸು ಎನ್ನುತ್ತಾರೆ. ಗಂಜಿ ಇಲ್ಲದಿದ್ದರೆ ಉಣ್ಣೆ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ. ಬೀಜವನ್ನು ಮೊದಲು ಹುರಿದು, ಕುಟ್ಟಿ, ಕೆಂಪು ಸಿಪ್ಪೆ ತೆಗೆದು, ನೆನೆಹಾಕಿ, ಅರೆದು ಕುದಿಸಬೇಕು. ಮಾಸ್ತರರು ಹುರಿಯುವುದು ಬೇಡ, ನೆನೆಸಿದರೆ ಸಾಕು ಎಂದರು. ಹೆಂಗಸರು ಹಾಗೇ ಮಾಡಿದರು. ಸಿಪ್ಪೆ ಅರ್ಧಂಬರ್ಧ ಉಳಿಯಿತು. ಅರೆದ ಗಂಜಿಯಲ್ಲಿ ಕೆಂಪು ಕಾಳು ಕಾಳು.

ನಾನು ಪಕ್ಕದಲ್ಲೇ ನಿಂತಿದ್ದೆ. ಬೀಜ ಹುರಿದ ಘಮ ಮನೆ ತುಂಬಿದಾಗ ಅವ್ವ, "ಈಗ ಕುಟ್ಟು" ಎಂದು ನನ್ನ ಕೈಗೆ ಒನಕೆ ಕೊಡುತ್ತಿದ್ದದ್ದು ನನಗೆ ಆರು ವರ್ಷವಿದ್ದಾಗಿನಿಂದ ಗೊತ್ತು. ಆ ಗಂಜಿ ಬಳಿದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಹೇಳಿದರೆ, "ನಿಮಗೆ ಹೆಂಗ ಗೊತ್ತು?" ಎಂದು ಕೇಳುತ್ತಾರೆ. ಸುಮ್ಮನಿದ್ದೆ. ಮೂವತ್ತೈದು ವರ್ಷಕ್ಕೂ ಮೇಲೆ ಕೆಲಸ ಮಾಡಿದ್ದೇನೆ, ತಪ್ಪುಗಳಿಗೆ ಲೆಕ್ಕವಿಲ್ಲ. ಆದರೆ ತಿಳಿದೂ ಬಾಯಿ ಮುಚ್ಚಿಕೊಂಡಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ.

ಬೆಳಗಿನ ಬಿಸಿಲಿಗೆ ಚಾವಡಿಯ ಮುಂದೆ ಹಾಸು ಎಳೆದು ಕಟ್ಟಿದರು. ಕುಂಚ ಆಡಿಸಿದ ಕೂಡಲೇ ಕಾಳು ಸಿಕ್ಕಿ ಎಳೆ ಹರಿಯತೊಡಗಿದವು. ಒಂದಲ್ಲ, ಎರಡಲ್ಲ. ಮೂರನೇ ಸಲ ಕುಂಚ ಎಳೆಯುವುದರೊಳಗೆ ಹಾಸಿನ ನಡುವೆ ಕೈ ಹೋಗುವಷ್ಟು ಬಯಲು. ಎಂಟು ಮನೆಯ ಕುರಿಗಳ ಆ ಸಲದ ಉಣ್ಣೆ ಅದು. ಮಾಸ್ತರರು ಬೆವರಿದರು. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಸುದ್ದಿ ಹೋಗಿ ಬೀರವ್ವ ಬಂದಳು. ಯಾರನ್ನೂ ಮಾತಾಡಿಸದೆ ಗಂಜಿಯ ಪಾತ್ರೆಗೆ ಬೆರಳು ಅದ್ದಿ, ತಿಕ್ಕಿ ನೋಡಿದಳು.

"ಬೀಜ ಹುರದಿಲ್ಲ" ಎಂದಳು. ಆಮೇಲೆ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, "ಅಲ್ಲಬೇ, ಇಷ್ಟು ಮಂದ್ಯಾಗ ಇದು ಗೊತ್ತಿದ್ದವರು ಒಬ್ಬರರೆ ಇರಲಿಲ್ಲೇನು?"

ಮಾಸ್ತರರು ಕುಂಚ ಕೆಳಗಿಟ್ಟರು.

"ನನಗ ಗೊತ್ತಿತ್ತು" ಎಂದೆ. ಮೂರು ವರ್ಷದ ಮೇಲೆ ನನ್ನ ಬಾಯಿಂದ ನಮ್ಮ ಮಾತು ಬಂದಿತ್ತು.

"ನಿಮಗ? ನಿಮಗೆಂಗ ಗೊತ್ತ್ರಿ?"

"ನಮ್ಮವ್ವ ಹುರೀತಿದ್ದಳು. ನಾನು ಕುಟ್ಟತಿದ್ದೆ. ನಾ ಮುದ್ದೇಬಿಹಾಳ ಕಡ್ಯಾಕಿ. ಕುರಿಗಾರರ ಮಗಳು."

ಬೀರವ್ವನ ಮುಖದಲ್ಲಿ ಏನೇನು ಬಂದು ಹೋಯಿತೋ ನಾನು ನೋಡಲಿಲ್ಲ. ನೆಲ ನೋಡುತ್ತಿದ್ದೆ. ಅವಳ ದನಿ ಕೇಳಿತು. ಅಷ್ಟರಲ್ಲಿ ಅವಳ "ರಿ" ಹೋಗಿತ್ತು.

"ಗೊತ್ತಿದ್ದೂ ನೋಡ್ಕೋತ ನಿಂತಿ?"

"ಹೌದು."

"ನಮ್ಮ ಮನಿಗಿ ಉಣ್ಣಾಕ ಬರಲಿಲ್ಲಲ್ಲ, ಅದೂ ಇದಕ್ಕ?"

"ಹೌದು. ಇದಕ್ಕ."

"ಥೂ ಇಕಿನ! ನಾ ಏನೋ ತಿಳಕೊಂಡಿದ್ದೆ. ಕೇರ್ಯಾಗ ಉಂಡಾಳ, ನಮ್ಮನಿ ಬ್ಯಾಡ ಅಂತಾಳ, ನಾವು ಅದಕ್ಕೂ ಕಡೀನೇನು ಅಂತ ಮೂರು ದಿನ ಅನ್ನ ಸೇರಲಿಲ್ಲ ನನಗ." ಅವಳು ಹಾಸಿನ ಆ ಕಡೆಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. "ಏನ್ ನಿಂತಿ? ಕೂಡು ಈ ಕಡೆ. ಎಳಿ ಕೂಡಸಾಕ ಬರ್ತೈತೋ, ಅದನ್ನೂ ಕಾಲೇಜಿನ್ಯಾಗ ಕಳಕೊಂಡಿಯೋ?"

ಆ ದಿನ, ಮರುದಿನ, ಅದರ ಮರುದಿನ ಮಧ್ಯಾಹ್ನದವರೆಗೆ ನಾವಿಬ್ಬರೂ ಎದುರುಬದುರು ಕೂತು ಹರಿದ ಎಳೆ ಹೊಸೆದು ಕೂಡಿಸಿದೆವು. ಅಂಗೈಗೆ ಉಗುಳು ಹಚ್ಚಿಕೊಂಡು ಎರಡು ತುದಿ ಸೇರಿಸಿ ತಿಕ್ಕುವ ಕೆಲಸ. ಮೊದಲು ನನ್ನ ಬೆರಳು ತಡವರಿಸಿದವು, ಆಮೇಲೆ ತಾವೇ ನಡೆದವು. ಎರಡನೆಯ ದಿನ ಅವಳ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಕೂತರು. ಬೀರವ್ವ ನನಗೆ ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಮ್ಮವ್ವನ ಹೆಸರು ಕೇಳಿದಳು, ಅಪ್ಪ ಯಾವ ದಾರಿಯಲ್ಲಿ ಕುರಿ ನಡೆಸುತ್ತಾನೆಂದು ಕೇಳಿದಳು, ಹತ್ತಿರದ ಬೀಗಸ್ತನ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಸಿಗಲಿಲ್ಲ. "ಇರಲಿ ಬಿಡು" ಎಂದಳು.

ಮೂರನೆಯ ದಿನ ಹಾಸು ಪೂರ್ತಿಯಾದಾಗ ಸೂರ್ಯ ನೆತ್ತಿಯ ಮೇಲಿದ್ದ. ಬೀರವ್ವ ಸೊಂಟ ಹಿಡಿದುಕೊಂಡು ಎದ್ದಳು. ನಾನು ಕೂತೇ ಇದ್ದೆ, ಪಾಳಿಯ ಮಾತು ನಾನಾಗಿ ಎತ್ತುವಂತಿರಲಿಲ್ಲ.

"ಯಾಕ, ಇವತ್ತೂ ಉಪಾಸೇನು?" ಎಂದು, ಹಿಂತಿರುಗಿ ನೋಡದೆ ನಡೆದಳು. ನಾನು ಹಿಂದೆ ಹೋದೆ.

ಅವಳ ಮನೆಯಲ್ಲಿ ಚಾಪೆ ಹಾಸಲಿಲ್ಲ, ತಾಟು ಇಡಲಿಲ್ಲ. ಅವಳು ನೇರ ಹೋಗಿ ಕೈ ತೊಳೆದು ಗೋಡೆಗೆ ಒರಗಿ ಕೂತಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ರೊಟ್ಟಿ ಬುಟ್ಟಿ ಅಲ್ಲೈತಿ, ಮಸರು ನೆಲುವಿನ್ಯಾಗ. ಬಂದ ಬೀಗರಿಗೆ ಬಡಸ್ತಾರ. ಮನಿ ಮಗಳಿಗೂ ನಾನ ಎದ್ದು ಬಡಸಬೇಕೇನು? ನನಗೂ ಎರಡು ಹಾಕ್ಕೊಂಡು ಬಾ."

ನಾನು ಎಷ್ಟು ತಿಂದೆನೋ ನೆನಪಿಲ್ಲ. ಅಂದು ಸಂಜೆಯೇ ಎರಡನೆಯ ಮನೆಯವಳು ಬಂದು, "ನಾಳೆ ನಮ್ಮ ಪಾಳಿರಿ" ಎಂದು ಹೇಳಿದಾಗ ಚಾವಡಿಯೊಳಗೆ ಕಾಕಾ ಕೆಮ್ಮಿದ್ದು ಕೇಳಿತು.

ಈಗ ಹೊಸಬರಿಗೆ ಉಪಯೋಗಕ್ಕೆ ಬರುವ ಮಾತು. ಪಾಳಿ ಊಟದಲ್ಲಿ ನಾವು ಏನೂ ಕೇಳುತ್ತಿರಲಿಲ್ಲ. ರೊಟ್ಟಿಯೇ ಹೇಳುತ್ತಿತ್ತು. ಹೋದ ಸಲ ಬಿಸಿ ರೊಟ್ಟಿ ಇದ್ದ ಮನೆಯಲ್ಲಿ ಈ ಸಲ ಒಣಗಿದ ಕಡಕ್ ರೊಟ್ಟಿ ಇದ್ದರೆ, ಆ ಹೆಂಗಸು ದಿನಾ ಒಲೆಯ ಮುಂದೆ ಕೂಡುವ ಸ್ಥಿತಿಯಲ್ಲಿಲ್ಲ. ಜೋಳದ ರೊಟ್ಟಿಯ ಬಣ್ಣ ಬದಲಾಗಿದ್ದರೆ, ಬೂದಿ ಬೆರೆಸಿ ಬಿತ್ತನೆಗೆ ಇಟ್ಟ ಬೀಜಕ್ಕೆ ಕೈ ಹಾಕಿದ್ದಾರೆ. ಒಂದು ಮನೆಯಲ್ಲಿ ಪ್ರತಿ ಸಲ ನನಗೆ ಬಡಿಸುತ್ತಿದ್ದವಳು ಏಳನೇ ಇಯತ್ತೆಯ ಹುಡುಗಿ. ಒಂದು ಸಲ ತಾಯಿ ಬಡಿಸಿದಳು. ಹುಡುಗಿ ಎಲ್ಲಿ ಎಂದು ನಾನು ಕೇಳಲಿಲ್ಲ. ತಾಯಿ ತಾನಾಗಿ, "ಆಕಿ ಒಳಗ ಅದಾಳ್ರಿ, ನೆಗಡಿ" ಎಂದಳು. ಕದದ ಸಂದಿಯಲ್ಲಿ ಹುಡುಗಿಯ ಕೈ ಕಂಡಿತು. ನೆಗಡಿ ಬಂದವಳಿಗೆ ಹೊಸ ಹಸಿರು ಬಳೆ ಯಾಕೆ? ಆ ಮದುವೆ ನಿಲ್ಲಿಸಲು ಹದಿನೈದು ದಿನ ಹಿಡಿಯಿತು. ಆ ಮನೆಯವರು ನನ್ನ ಜೊತೆ ಒಂದು ವರ್ಷ ಮಾತು ಬಿಟ್ಟರು. ಪಾಳಿ ಬಿಡಲಿಲ್ಲ. ಮುಖ ಆ ಕಡೆ ತಿರುಗಿಸಿ ಬಡಿಸುತ್ತಿದ್ದರು, ನಾನೂ ಸುಮ್ಮನೆ ಉಂಡು ಬರುತ್ತಿದ್ದೆ. ಆ ಹುಡುಗಿ ಈಗ ಕಂಬಳಿ ಸಂಘ ನಡೆಸುತ್ತಾಳೆ.

ಊರು ನಿಧಾನವಾಗಿ ಎದ್ದಿತು. ಬಸವನ ಬಾಗೇವಾಡಿ, ಸಿಂದಗಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಮಂದಿ ನೋಡಲು ಬರತೊಡಗಿದರು. ಒಮ್ಮೆ ಸಿಂದಗಿ ಕಡೆಯ ಹಿರಿಯರೊಬ್ಬರು ಕಂಬಳಿ ಶೆಡ್ಡು, ಬಾಲವಾಡಿ, ಒಡ್ಡು ಎಲ್ಲ ನೋಡಿ ಮುಗಿಸಿ, "ಎಲ್ಲಾ ಖರೆ, ಇದನ್ನೆಲ್ಲ ನಡಸೂ ಮಷಿನ್ ಎಲ್ಲಿ ಐತ್ರಿ?" ಎಂದು ಕೇಳಿದರು. ಬೀರವ್ವ ಮಗ್ಗದ ಹತ್ತಿರ ಕೂತಲ್ಲಿಂದಲೇ, "ಮಷಿನ್ ಉಣ್ಣಾಕ ಹೋಗೈತ್ರಿ, ಬರ್ತೈತಿ ತಡೀರಿ" ಎಂದಳು. ನಾನು ಪಾಳಿ ಊಟ ಮುಗಿಸಿ ಬರುವಾಗ ಎಲ್ಲರೂ ನನ್ನನ್ನು ನೋಡಿ ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ.

ಮುಂದೆ ಕೇಂದ್ರದವರು ಸಿಂದಗಿ ತಾಲ್ಲೂಕಿನ ಒಂದು ಊರಿಗೆ ಎರಡು ವರ್ಷ ನನ್ನನ್ನು ಕಳಿಸಿದರು. ಅಲ್ಲಿಯೂ ಪಾಳಿ ಹಚ್ಚಿದೆ, ಹಾಳು ಮಾಡಿಕೊಂಡೆ. ಕೆಲಸ ಅಚ್ಚುಕಟ್ಟಾಗಿರಲಿ ಎಂದು ಯಾವ ದಿನ ಯಾರ ಮನೆ ಎಂದು ಬೋರ್ಡಿನ ಮೇಲೆ ಬರೆದು ಗುಡಿಯ ಮುಂದೆ ನಿಲ್ಲಿಸಿದೆ. ಊರೆಲ್ಲ ಓದಿತು. ಒಬ್ಬರ ಮನೆಯಲ್ಲಿ ಹೋಳಿಗೆಯಾದರೆ ಮರುದಿನದವರು ತುಪ್ಪ ಹೆಚ್ಚು ಹಾಕಿದರು. ಅದರ ಮರುದಿನದ ಬಡವರು ನಮ್ಮಿಂದ ಆಗದೆಂದು ಕದ ಹಾಕಿಕೊಂಡು ಹೊಲಕ್ಕೆ ಹೋದರು. ಎರಡು ತಿಂಗಳು ಹೋಳಿಗೆ ತಿಂದು ದಪ್ಪಗಾದೆ, ಒಬ್ಬರ ಮನೆಯ ಸುದ್ದಿಯೂ ತಿಳಿಯಲಿಲ್ಲ. ಜೋಡಬಾವಿಯಲ್ಲಿ ನಾಳೆಯ ಮನೆ ಯಾವುದೆಂದು ಪಕ್ಕದವರ ಬಾಯಿಂದ ಪಕ್ಕದವರ ಬಾಯಿಗೆ ಹೋಗುತ್ತಿತ್ತು, ಬರಹದಲ್ಲಿ ಇರಲಿಲ್ಲ. ಕಾಕಾ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಕೇಳಿರಲಿಲ್ಲ.

ಕಾಕಾ ತೀರಿಕೊಂಡ ಮೇಲೆ ಕೇಂದ್ರ ದೊಡ್ಡದಾಯಿತು. ಇಪ್ಪತ್ತು ಮಂದಿ ಕಾರ್ಯಕರ್ತರು, ಹೊರಗಿನಿಂದ ಬಂದ ಒಬ್ಬ ಯೋಜನಾಧಿಕಾರಿ. ಅವರನ್ನು ನಾನು ದೂರುವುದಿಲ್ಲ. ಶಿಸ್ತಿನ ಮನುಷ್ಯ, ನನ್ನನ್ನು ಗೌರವದಿಂದ ಕಂಡವರು. ಒಂದು ದಿನ ಅವರು, "ಮೇಡಂ, ಒಬ್ಬೊಬ್ಬರ ಊಟಕ್ಕೆ ಒಂದೂವರೆ ತಾಸು ಹೋಗುತ್ತದೆ. ಇಲ್ಲೇ ಮೆಸ್ ಮಾಡೋಣ. ಮನೆಗಳ ಮಾಹಿತಿಗೆ ಟ್ಯಾಬ್ ಕೊಡುತ್ತೇವೆ" ಎಂದರು. ಆಗ ನನಗೆ ಸಕ್ಕರೆ ಕಾಯಿಲೆ ಬಂದಿತ್ತು, ಮೊಣಕಾಲು ನೋವು. ಬಿಸಿಲಲ್ಲಿ ಓಣಿ ಸುತ್ತುವುದು ಬೇಸರವಾಗಿತ್ತು. ಮುಖ್ಯ ಕಾರ್ಯಕರ್ತೆ ನಾನು, ಒಪ್ಪಿಗೆಯ ಸಹಿ ನನ್ನದೇ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ.

ಬೀರವ್ವನಿಗೆ ಎಪ್ಪತ್ತೈದು ದಾಟಿತ್ತು. ಮೆಸ್ಸಿನ ಸುದ್ದಿ ಕೇಳಿ, "ಹಂಗಾರ ಇನ್ನ ನೀ ಬಂದ್ರ ಬೀಗಿತ್ತಿ ಆಗಿ ಬರಾಕಿ" ಎಂದಳು. "ಹಂಗ್ಯಾಕಂತಿ, ಬರ್ತೇನಿ ಬಿಡು" ಎಂದೆ. ಹೋದೆ ಕೂಡ, ಹಬ್ಬಕ್ಕೆ, ಹುಣ್ಣಿಮೆಗೆ. ಆಮೇಲೆ ಮೀಟಿಂಗು, ವರದಿ, ಬಂದವರಿಗೆ ಊರು ತೋರಿಸುವುದು. ಅವಳ ಓಣಿ ಕೇಂದ್ರದಿಂದ ಕೂಗಳತೆಯ ದೂರ.

ನಿವೃತ್ತಿಯಾಗಿ ಇಂಡಿಯಲ್ಲಿದ್ದೇನೆ. ಒಳ್ಳೆಯ ಮನೆ, ನಲ್ಲಿಯಲ್ಲಿ ನೀರು, ಪಕ್ಕದವರು ಒಳ್ಳೆಯವರು. ಸಂಜೆ ಹೊತ್ತು ಯಾರಾದರೂ ಗೇಟಿನ ಸದ್ದು ಮಾಡಿದರೆ ನನ್ನ ಕಿವಿ ಇವತ್ತಿಗೂ ಒಂದು ಮಾತಿಗೆ ಕಾಯುತ್ತದೆ. ಹಾಲಿನವನಿರುತ್ತಾನೆ, ಇಲ್ಲವೇ ಯಾರದೋ ಮದುವೆ ಕಾರ್ಡು. ಒಬ್ಬಳಿಗೇ ಎರಡು ರೊಟ್ಟಿ ಬಡಿದುಕೊಳ್ಳುವಾಗ, ಜೋಡಬಾವಿಯ ಓಣಿಗಳನ್ನು ಮೊದಲ ಮನೆಯಿಂದ ಮನಸ್ಸಿನಲ್ಲೇ ಎಣಿಸುತ್ತ ಹೋಗುತ್ತೇನೆ. ಈ ಮನೆಯಲ್ಲಿ ಪುಂಡಿ ಪಲ್ಲೆ, ಈ ಮನೆಯಲ್ಲಿ ಶೇಂಗಾ ಹಿಂಡಿಗೆ ಉಪ್ಪು ಜಾಸ್ತಿ, ಈ ಮನೆಯ ಯಜಮಾನ ನಾನು ಉಣ್ಣುವಾಗ ರೇಡಿಯೋ ಸಣ್ಣದು ಮಾಡುತ್ತಿದ್ದ. ಕಡೆಯ ಓಣಿಗೆ ಬರುವಷ್ಟರಲ್ಲಿ ರೊಟ್ಟಿ ಹಂಚಿನ ಮೇಲೆ ಸೀದಿರುತ್ತದೆ.

ಬರೆಯಬೇಕಾದದ್ದು ಇನ್ನೊಂದಿದೆ. ನಾನು ನಿವೃತ್ತಳಾಗುವ ಎರಡು ವರ್ಷ ಮೊದಲಿನದು.

ಒಂದು ಬೆಳಿಗ್ಗೆ ಕೇಂದ್ರದ ಕಾವಲುಗಾರ ಬಂದು ಬೀರವ್ವ ಹೋದಳು ಎಂದ. ನನಗೆ ನಂಬಿಕೆಯಾಗಲಿಲ್ಲ. ಮೇಜಿನ ಮೇಲೆ ಟ್ಯಾಬ್ ಇತ್ತು, ತೆರೆದೆ. ವಾರದ ಹಿಂದಷ್ಟೇ ತುಂಬಿದ ಮಾಹಿತಿ, ಅವಳ ಹೆಸರಿನ ಮುಂದೆ "ಆರೋಗ್ಯ: ಉತ್ತಮ." ಓಡಿದೆ. ಸೊಸೆ ಲಕ್ಷ್ಮವ್ವ ಹೊಸ್ತಿಲಲ್ಲಿ ಕೂತು ಅಳುತ್ತಿದ್ದಳು.

"ಎಂಟು ದಿನ ಆಗಿತ್ತ್ರಿ ಅಕ್ಕೋರ, ಬಾಯಿಗೆ ಒಂದು ತುತ್ತು ಇಟ್ಟಿರಲಿಲ್ಲ. ನಿಮ್ಮ ಕೇಂದ್ರದ ಹುಡುಗಿ ಬಂದು, ಅತ್ತಿ ಆರಾಮ ಅದಾರೇನು ಅಂತ ಕೇಳಿದ್ಲು. ಅತ್ತೀನ ಒಳಗಿಂದ ಆರಾಮ ಅದೇನಿ ಅಂದ್ರು. ಬರಕೊಂಡು ಹೋದ್ಲು."

ಪಾಳಿ ಇದ್ದಿದ್ದರೆ ಅವಳನ್ನು ಉಳಿಸುತ್ತಿದ್ದೆ ಎಂದು ನಾನು ಹೇಳುವುದಿಲ್ಲ. ವಯಸ್ಸಾಗಿತ್ತು. ಆದರೆ ಆ ಎಂಟು ದಿನ ನನಗೆ ಗೊತ್ತಾಗುತ್ತಿತ್ತು. ಪಕ್ಕದ ಮನೆಯಲ್ಲಿ ಉಣ್ಣುತ್ತಿದ್ದರೂ ಗೊತ್ತಾಗುತ್ತಿತ್ತು. ತುತ್ತು ಕಲಸಿ ಬಾಯಿಗಿಟ್ಟಿದ್ದರೆ ತಿನ್ನುತ್ತಿದ್ದಳೋ ಏನೋ, ಬೈಯಲಾದರೂ ಬೈಯುತ್ತಿದ್ದಳು.

ಮಗ ಮುಳವಾಡ ಕಡೆ ಕಾಲುವೆ ದಂಡೆಯಲ್ಲಿ ಕುರಿ ತರುಬಿ ತಂಗಿದ್ದವನು ಹತ್ತು ಗಂಟೆಗೆ ಬಂದ. ಮಧ್ಯಾಹ್ನದೊಳಗೆ ಮಣ್ಣಾಯಿತು. ಸತ್ತ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ, ರಕ್ತಸಂಬಂಧದವರು ಬುತ್ತಿ ತರಬೇಕು. ಅವರ ಮಂದಿಯೆಲ್ಲ ಕುರಿಗಳ ಜೊತೆ ದೂರದಲ್ಲಿದ್ದರು, ಬರುವುದು ಸಂಜೆಯಾದೀತು. ಮನೆಯ ಸಣ್ಣ ಮಕ್ಕಳು ಬೆಳಗಿನಿಂದ ಉಪವಾಸವಿದ್ದವು. ಮೆಸ್ಸಿನಿಂದ ಅನ್ನ ಸಾರು ಕಳಿಸಲೇ ಎಂದು ನಮ್ಮ ಹುಡುಗರು ಫೋನಿನಲ್ಲಿ ಕೇಳಿದರು. ಬೇಡ ಎಂದೆ. ಒಳಗೆ ಹೋಗಿ ರೊಟ್ಟಿ ಬುಟ್ಟಿ ತೆಗೆದುಕೊಂಡೆ. ಬರಿದಾಗಿತ್ತು. ಅದನ್ನು ಹಿಡಿದುಕೊಂಡು ಓಣಿಗೆ ಇಳಿದೆ.

ಅಷ್ಟು ವರ್ಷ ಕೈ ಬೀಸಿಕೊಂಡು ಉಣ್ಣಲು ಹೋದ ಮನೆಗಳ ಮುಂದೆ ಅಂದು ಬುಟ್ಟಿ ಹಿಡಿದು ನಿಂತೆ. ಯಾರೂ ಏನೂ ಕೇಳಲಿಲ್ಲ. ಎರಡು ರೊಟ್ಟಿ, ಒಂದು ರೊಟ್ಟಿ, ಮುಷ್ಟಿ ಅವಲಕ್ಕಿ, ಬಾಳೆಲೆಯಲ್ಲಿ ಕಟ್ಟಿದ ಪಲ್ಲೆ. ಕೇರಿಯಲ್ಲಿ ಒಬ್ಬ ಮುದುಕಿ ಹಂಚಿನ ಮೇಲಿನ ರೊಟ್ಟಿಯನ್ನೇ ತೆಗೆದು ಹಾಕಿದಳು, ಬುಟ್ಟಿ ಬೆಚ್ಚಗಾಯಿತು. ತಿರುಗಿ ಬರುವ ದಾರಿಯಲ್ಲಿ ಒಂದು ಹೊಸ ಮನೆ. ಬಾಗೇವಾಡಿ ಕಡೆಯಿಂದ ಮದುವೆಯಾಗಿ ಬಂದು ವಾರವಾಗಿದ್ದ ಹುಡುಗಿ ಬಾಗಿಲಿಗೆ ಬಂದಳು. ಊರಿನ ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ. ಬಿಳಿ ಕೂದಲಿನ, ಕೈಗಡಿಯಾರ ಕಟ್ಟಿಕೊಂಡ ಹೆಂಗಸು ಬುಟ್ಟಿ ಹಿಡಿದು ನಿಂತಿರುವುದನ್ನು ಕಂಡು ಗಲಿಬಿಲಿಯಾಗಿ ಕೇಳಿದಳು:

"ಯಾರ ಮನಿಗ್ರಿ ಇದು?"

"ನಮ್ಮ ಮನಿಗಿ, ತಂಗಿ" ಎಂದೆ. "ನಮ್ಮವ್ವ ಹೋಗ್ಯಾಳ."